ಚೈನು, ಬ್ಯಾಟರಿ, ನೀರು: ಮಾರ್ಚಿನಲ್ಲಿ ಯೊಸೆಮಿಟಿಗೆ ಆರ್‌ವಿ ಪ್ರವಾಸ

ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನ ಪಶ್ಚಿಮ ಮಗ್ಗುಲಲ್ಲಿದೆ. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾಯ್ದೆಯಿಂದ ಇಲ್ಲಿನ ಮುಖ್ಯ ಕಣಿವೆಗೂ ಮಾರಿಪೋಸಾದ ಸಿಕೋಯಾ ತೋಪಿಗೂ ರಕ್ಷಣೆ ದೊರೆಯಿತು. 1890ರಲ್ಲಿ ಸುತ್ತಲಿನ ಕಾಡು, ಬೆಟ್ಟಗಳು ರಾಷ್ಟ್ರೀಯ ಉದ್ಯಾನವಾದವು. ಉದ್ಯಾನದ ವಿಸ್ತೀರ್ಣ 3,000 ಚದರ ಕಿ.ಮೀ. ದಾಟುತ್ತದೆ. ಅದರ ತಗ್ಗು ಭಾಗ 2,000 ಅಡಿ ಎತ್ತರದಲ್ಲಿದ್ದರೆ ಶಿಖರಗಳು 13,000 ಅಡಿ ಮುಟ್ಟುತ್ತವೆ. ಬಂದವರಲ್ಲಿ ಬಹುಪಾಲು ಜನ ನೋಡಿ ಹೋಗುವುದು ಮಾತ್ರ 4,000 ಅಡಿ ಎತ್ತರದಲ್ಲಿರುವ, ಸುಮಾರು 11 ಕಿ.ಮೀ. ಉದ್ದದ ಒಂದೇ ಕಣಿವೆಯನ್ನು.

ಈ ಎತ್ತರದ ಏರಿಳಿತವೇ ಮಾರ್ಚ್, ಏಪ್ರಿಲ್ ತಿಂಗಳ ಪ್ರವಾಸವನ್ನು ನಿರ್ಧರಿಸುತ್ತದೆ. ಒಂದೇ ದಿನ ಮರ್ಸೆಡ್ ನದಿಯ ಕೆಳದಂಡೆಯಲ್ಲಿ ಹೂ ಅರಳಿರುತ್ತದೆ, ಕಣಿವೆಯಲ್ಲಿ ತಣ್ಣನೆಯ ಮಳೆ ಸುರಿಯುತ್ತಿರುತ್ತದೆ, ಅಲ್ಲಿಂದ ಎರಡು ಸಾವಿರ ಅಡಿ ಮೇಲೆ ಹಿಮ ಬೀಳುತ್ತಿರುತ್ತದೆ. ಕಣಿವೆಯ ಹಗಲು ಹಿತವಾದ ಚಳಿಗಾಲದಂತಿದ್ದರೂ ರಾತ್ರಿಯ ತಾಪಮಾನ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಯುಗಾದಿಯ ಹೊತ್ತಿಗೇ ಅಮೆರಿಕದ ಶಾಲೆಗಳಿಗೆ ವಸಂತದ ರಜೆ ಬರುವುದರಿಂದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡ ಕುಟುಂಬಗಳು ಆರ್‌ವಿ ಎಂಬ ಓಡುವ ಮನೆಯನ್ನು ಬಾಡಿಗೆಗೆ ಪಡೆದು ಹೊರಡುವುದೂ ಆಗಲೇ. ಕಾರಿನಲ್ಲಿ ನಾಲ್ಕು ಗಂಟೆಯ ದಾರಿ, ಆರ್‌ವಿಯಲ್ಲಿ ಆರು ಗಂಟೆ ಎಂದುಕೊಂಡರೆ ಕ್ಷೇಮ. ಈ ಬರಹಕ್ಕೆ ಆಧಾರ ಅಂಥದೇ ಒಂದು ಪ್ರವಾಸ. ಬಾಡಿಗೆಯ ವಾಹನ ಸುಮಾರು 25 ಅಡಿ ಉದ್ದದ್ದು. ಚಾಲಕನ ಸೀಟಿನ ಮೇಲೊಂದು ಹಾಸಿಗೆ, ಹಿಂದೆ ಅಡುಗೆಮನೆ, ಬಚ್ಚಲು.

ಮಾರ್ಚಿನ ಯೊಸೆಮಿಟಿಯನ್ನು ನಂಬಿ ಕೂರುವಂತಿಲ್ಲ ಎನ್ನುವುದಕ್ಕೆ 2023ನೇ ವರ್ಷ ಸಾಕ್ಷಿ. ಆ ವರ್ಷ ಫೆಬ್ರವರಿ ಕೊನೆಯಲ್ಲಿ ಬಿದ್ದ ಹಿಮಕ್ಕೆ ಉದ್ಯಾನವನ್ನೇ ಮುಚ್ಚಬೇಕಾಯಿತು. ಮತ್ತೆ ಬಾಗಿಲು ತೆರೆದದ್ದು ಮಾರ್ಚ್ ಮಧ್ಯ ಕಳೆದ ಮೇಲೆ, ಅದೂ ಭಾಗಶಃ. ಏಪ್ರಿಲ್ ಕೊನೆಗೆ ಅದೇ ಹಿಮ ಕರಗತೊಡಗಿದಾಗ ಪ್ರವಾಹದ ಭಯದಿಂದ ಕಣಿವೆಯ ಹೆಚ್ಚಿನ ಭಾಗವನ್ನು ಮತ್ತೊಮ್ಮೆ ಮುಚ್ಚಿದರು. ಅಷ್ಟು ಹಿಮ ಪ್ರತಿವರ್ಷ ಬೀಳುವುದಿಲ್ಲ. ಆದರೂ ಮುಂಗಡ ಕಟ್ಟುವ ಮುನ್ನ, ರದ್ದು ಮಾಡಿದರೆ ಎಷ್ಟು ಹಣ ಹಿಂದಿರುಗುತ್ತದೆ ಎಂದು ಬಾಡಿಗೆಯವರ ಷರತ್ತುಗಳಲ್ಲಿ ಓದಿಕೊಳ್ಳುವುದು ಜಾಣತನ.

ಉದ್ಯಾನವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವ ಟಿಯೋಗಾ ರಸ್ತೆ ಸುಮಾರು 9,900 ಅಡಿಗೂ ಮೇಲೆ ಏರುತ್ತದೆ. ಸಾಮಾನ್ಯವಾಗಿ ನವೆಂಬರಿನಲ್ಲಿ ಮುಚ್ಚಿ ಮೇ ಕೊನೆಗೋ ಜೂನ್‌ನಲ್ಲೋ ತೆರೆಯುತ್ತದೆ. 2023ರಲ್ಲಂತೂ ತೆರೆದದ್ದು ಜುಲೈ 22ರಂದು. ಹಾಗಾಗಿ ಲಾಸ್ ವೇಗಸ್ ಅಥವಾ ಡೆತ್ ವ್ಯಾಲಿ ನೋಡಿಕೊಂಡು ಪೂರ್ವದ ಕಡೆಯಿಂದ ಯೊಸೆಮಿಟಿಗೆ ಇಳಿಯುವ ಯೋಜನೆ ವಸಂತದ ಆರಂಭಕ್ಕೆ ಹೊಂದುವುದಿಲ್ಲ. ಪಶ್ಚಿಮದಿಂದ ಮೂರು ದಾರಿಗಳಿವೆ. 120ನೇ ಹೆದ್ದಾರಿ ಗ್ರೋವ್‌ಲ್ಯಾಂಡ್ ಮೂಲಕ ಬಂದು ಕ್ರೇನ್ ಫ್ಲಾಟ್ ಎಂಬಲ್ಲಿ 6,000 ಅಡಿ ದಾಟುತ್ತದೆ. ಫ್ರೆಸ್ನೊ ಕಡೆಯಿಂದ ಬರುವ 41ನೇ ಹೆದ್ದಾರಿಯೂ ಚಿಂಕಾಪಿನ್ ಬಳಿ ಅಷ್ಟೇ ಎತ್ತರಕ್ಕೆ ಏರಿ, 1933ರಲ್ಲಿ ತೆರೆದ ವವೋನಾ ಸುರಂಗದಿಂದ ಹೊರಬಿದ್ದ ಕೂಡಲೇ ಇಡೀ ಕಣಿವೆಯನ್ನು ಕಣ್ಣೆದುರು ಹರಡುತ್ತದೆ. ಚೆಲುವಿಗೆ ಈ ದಾರಿಯೇ ಸರಿ. ಆರ್‌ವಿಗೆ ಸರಿಯಾದದ್ದು ಮೂರನೆಯದು.

ಮರ್ಸೆಡ್, ಮಾರಿಪೋಸಾ ಊರುಗಳನ್ನು ದಾಟಿ, ಆಮೇಲೆ ಮರ್ಸೆಡ್ ನದಿಯ ಜೊತೆಜೊತೆಗೇ ಎಲ್ ಪೋರ್ಟಲ್ ಮೂಲಕ ಸಾಗುವ 140ನೇ ಹೆದ್ದಾರಿ 1926ರಲ್ಲಿ ವರ್ಷವಿಡೀ ಓಡಾಡುವ ದಾರಿಯಾಗಿ ತೆರೆಯಿತು. ಅದಕ್ಕೂ ಮೊದಲು, 1907ರಿಂದಲೇ, ಎಲ್ ಪೋರ್ಟಲ್‌ವರೆಗೆ ರೈಲು ಬರುತ್ತಿತ್ತು. ಈ ರಸ್ತೆ ಉದ್ಯಾನದ ಗೇಟಿನವರೆಗೂ 3,000 ಅಡಿಗಿಂತ ಕೆಳಗೇ ಉಳಿಯುತ್ತದೆ. ಉಳಿದೆರಡು ದಾರಿಗಳಲ್ಲಿ ಹಿಮ ಬೀಳುವಾಗ ಇಲ್ಲಿ ಮಳೆ ಮಾತ್ರ ಬರುವುದು ಸಾಮಾನ್ಯ. 2006ರಲ್ಲಿ ಫರ್ಗ್ಯುಸನ್ ಎಂಬಲ್ಲಿ ಗುಡ್ಡ ಜರಿದು ರಸ್ತೆಯನ್ನೇ ಹೂತುಹಾಕಿತು. ಆಮೇಲೆ ವಾಹನಗಳನ್ನು ತಾತ್ಕಾಲಿಕ ಸೇತುವೆಯ ಮೇಲೆ ಆಚೆ ದಡಕ್ಕೆ ದಾಟಿಸಿ, ಮುಂದೆ ಇನ್ನೊಂದು ಸೇತುವೆಯಿಂದ ಈಚೆಗೆ ತರುವ ಏರ್ಪಾಟಾಯಿತು. ಆ ಏರ್ಪಾಟು ಇರುವವರೆಗೆ ಒಂದೇ ಸಾಲಿನ ದಾರಿಯಾದ್ದರಿಂದ ಸಿಗ್ನಲ್ಲಿಗೆ ಕಾಯಬೇಕು. ಆದರೂ 120ರ ಕಡಿದಾದ ಪ್ರೀಸ್ಟ್ ಗ್ರೇಡ್ ಏರಿನಲ್ಲಿ ಇಂಜಿನ್ ಕಾಯುವುದಕ್ಕಿಂತ ಇಲ್ಲಿ ಚಾಲಕ ಕಾಯುವುದು ಮೇಲು. ಆ ಏರಿಗೆ ಹಳೆಯದು, ಹೊಸದು ಎಂದು ಎರಡು ರಸ್ತೆಗಳಿವೆ. 120ರಲ್ಲೇ ಬರಬೇಕಾದ ಆರ್‌ವಿ ಸುತ್ತು ಹೆಚ್ಚಾದರೂ ಹೊಸದನ್ನೇ ಹಿಡಿಯಬೇಕು.

ಹಿಮದಲ್ಲಿ ಜಾರದಂತೆ ಟಯರಿಗೆ ಸುತ್ತುವ ಚೈನಿನ ವಿಷಯ ಬಾಡಿಗೆ ಆರ್‌ವಿಯವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಹಿಮ ಬಿದ್ದಾಗ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಮೂರು ಹಂತದ ನಿಯಮ ಜಾರಿಯಾಗುತ್ತದೆ. ಆರ್-1 ಎಂದರೆ ಹಿಮದ ಟಯರಿರುವ ಕಾರು, ಹಗುರ ವಾಹನಗಳಿಗೆ ವಿನಾಯಿತಿ, ಉಳಿದವಕ್ಕೆ ಚೈನು. ಆರ್-2ರಲ್ಲಿ ನಾಲ್ಕೂ ಚಕ್ರಕ್ಕೆ ಹಿಮದ ಟಯರು ಹಾಕಿದ ಫೋರ್‌ವೀಲ್, ಆಲ್‌ವೀಲ್ ಡ್ರೈವ್ ವಾಹನಗಳಿಗೆ ಮಾತ್ರ ವಿನಾಯಿತಿ. ಆರ್-3ರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಆರೇಳು ಟನ್ ತೂಗುವ, ಹಿಂದಿನ ಜೋಡಿ ಚಕ್ರಗಳಷ್ಟೇ ಎಳೆಯುವ ಆರ್‌ವಿಗೆ ಮೊದಲ ಹಂತದಲ್ಲೇ ಚೈನು ಬೇಕು. ಯೊಸೆಮಿಟಿಯಲ್ಲಂತೂ ಚಳಿಗಾಲದುದ್ದಕ್ಕೂ, ಏಪ್ರಿಲ್‌ನಲ್ಲೂ, ಚೈನು ಜೊತೆಯಲ್ಲೇ ಇರಬೇಕಾದ ಸಂದರ್ಭ ಯಾವಾಗ ಬೇಕಾದರೂ ಬರಬಹುದು.

ಇನ್ನೊಂದು ಕಡೆ, ಆರ್‌ವಿ ಬಾಡಿಗೆಯ ಕರಾರುಗಳಲ್ಲಿ ಟಯರಿಗೆ ಚೈನು ಹಾಕಕೂಡದು ಎಂಬ ಷರತ್ತು ಸಾಮಾನ್ಯ. ಚೈನು ಸಡಿಲವಾಗಿ ಹೊಡೆದರೆ ಚಕ್ರದ ಗೂಡಿನ ಒಳಗಿನ ಪೈಪು, ವೈರುಗಳು ಹರಿದುಹೋಗುತ್ತವೆ ಎಂಬುದು ಅವರ ಆತಂಕ, ಸುಳ್ಳೂ ಅಲ್ಲ. ಹೀಗೆ ಒಬ್ಬರು ಬೇಕೇ ಬೇಕು ಎನ್ನುವುದನ್ನು ಇನ್ನೊಬ್ಬರು ಬೇಡವೇ ಬೇಡ ಎನ್ನುತ್ತಾರೆ. ಕರಾರಿನ ಸಣ್ಣ ಅಕ್ಷರದಲ್ಲಿರುವ ಈ ಸಾಲನ್ನು ಗಲ್ಲಾದಲ್ಲಿ ಕುಳಿತವರು ತಾವಾಗಿ ಓದಿ ಹೇಳುವುದಿಲ್ಲ. ಚೈನಿಲ್ಲದ ಆರ್‌ವಿಗೆ ಉಳಿಯುವ ಮಾರ್ಗ ಒಂದೇ: ಹವಾಮಾನ ನೋಡಿಕೊಂಡು ಓಡಿಸುವುದು, ಕಣಿವೆಯೊಳಗೆ ಸಿಕ್ಕಿಬಿದ್ದರೆ ರಸ್ತೆ ತೆರವಾಗುವವರೆಗೆ ನಿಂತಲ್ಲೇ ನಿಲ್ಲುವುದು. ಅದಕ್ಕಾಗಿ ಹೆಚ್ಚುವರಿ ಒಂದು ದಿನ, ಅಷ್ಟು ದಿನದ ಅಕ್ಕಿಬೇಳೆ, ಗ್ಯಾಸು ಇಟ್ಟುಕೊಂಡಿರಬೇಕು. ರಜೆಯ ಕೊನೆಯ ಭಾನುವಾರ ಸಂಜೆ ವಾಹನ ಹಿಂದಿರುಗಿಸುತ್ತೇವೆಂದು ಒಪ್ಪಿಕೊಂಡವರ ಬಳಿ ಇಲ್ಲದಿರುವುದು ಆ ಒಂದು ದಿನವೇ.

ಓಡಿಸುವುದು ಕಷ್ಟವಲ್ಲ, ಅಭ್ಯಾಸ ಬೇಕು ಅಷ್ಟೇ. ಹಿಂದಿನ ಚಕ್ರದ ಆಚೆಗೂ ದೇಹ ಚಾಚಿಕೊಂಡಿರುವುದರಿಂದ ಬಲಕ್ಕೆ ತಿರುಗಿಸಿದಾಗ ಬಾಲ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳು ಕಾಯುತ್ತಿರುವುದು ಅದಕ್ಕೇ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಇಳಿಯುವ ಮುನ್ನವೇ ಕೆಳಗಿನ ಗೇರಿಗೆ ಹಾಕಿ ವೇಗವನ್ನು ಇಂಜಿನ್‌ನಿಂದ ತಡೆಯಬೇಕು. ಹಿಂದೆ ಐದು ಅಥವಾ ಹೆಚ್ಚು ವಾಹನಗಳು ಸಾಲುಗಟ್ಟಿದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಕಣಿವೆಯೊಳಗೆ ಪೆಟ್ರೋಲ್ ಸಿಗುವುದಿಲ್ಲವಾದ್ದರಿಂದ ಮಾರಿಪೋಸಾದಲ್ಲೇ ಟ್ಯಾಂಕು ತುಂಬಿಸುವುದು ಒಳ್ಳೆಯದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್ ವರ್ಷವಿಡೀ ತೆರೆದಿರುತ್ತದೆ. 35 ಅಡಿವರೆಗಿನ ಆರ್‌ವಿಗೆ ಪ್ರವೇಶವಿದೆ. ಜಾಗವನ್ನು ತಿಂಗಳುಗಟ್ಟಲೆ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು. ದೇವದಾರು, ಪೈನ್ ಮರಗಳ ನಡುವೆ ಬೆಂಚು, ಬೆಂಕಿಗೂಡು, ಕರಡಿಪೆಟ್ಟಿಗೆ ಎಲ್ಲ ಇವೆ. ಇಲ್ಲದಿರುವುದು ಕರೆಂಟು, ನಲ್ಲಿ ಮತ್ತು ಚರಂಡಿಯ ಸಂಪರ್ಕ. ಯೊಸೆಮಿಟಿಯ ಯಾವ ಸರ್ಕಾರಿ ಕ್ಯಾಂಪಿನಲ್ಲೂ ಈ ಹೂಕಪ್‌ಗಳಿಲ್ಲ. ಬೇಸಿಗೆಯಲ್ಲಿ ಇದು ದೊಡ್ಡ ಕೊರತೆಯೆನಿಸುವುದಿಲ್ಲ. ಮಾರ್ಚಿನ ರಾತ್ರಿಯಲ್ಲಿ ಇದರದೇ ಲೆಕ್ಕಾಚಾರ.

ಆರ್‌ವಿಯ ಫರ್ನೇಸ್ ಪ್ರೊಪೇನ್ ಗ್ಯಾಸಿನಿಂದ ಉರಿಯುತ್ತದೆ. ಗ್ಯಾಸು ತುಂಬಿದ್ದರೆ ಬೆಚ್ಚಗಿರಬಹುದು ಎಂದುಕೊಳ್ಳುವುದು ಸಹಜ. ಆದರೆ ಬಿಸಿಗಾಳಿಯನ್ನು ತಳ್ಳುವ ಫ್ಯಾನು ಓಡುವುದು 12 ವೋಲ್ಟ್ ಬ್ಯಾಟರಿಯಿಂದ. ಆ ಫ್ಯಾನು ಏಳೆಂಟು ಆಂಪಿಯರ್ ಎಳೆಯುತ್ತದೆ. ಹೊರಗೆ ಸೊನ್ನೆ ಡಿಗ್ರಿಯಿದ್ದು, ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಅರ್ಧ ಹೊತ್ತು ಓಡಿದರೂ ನಲವತ್ತೈದು ಆಂಪ್‌ಅವರ್ ಖರ್ಚು. ದೀಪ, ನೀರಿನ ಪಂಪು, ಗ್ಯಾಸ್ ಸೋರಿಕೆಯ ಅಲಾರಂ, ಫ್ರಿಜ್ಜಿನ ಸರ್ಕ್ಯೂಟು ಸೇರಿದರೆ ಅರವತ್ತರ ಹತ್ತಿರ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ತಲಾ ನೂರು ಆಂಪ್‌ಅವರಿನ ಎರಡು ಹೊಸ ಬ್ಯಾಟರಿಗಳಿದ್ದರೂ ಕೈಗೆ ಸಿಗುವುದು ನೂರು. ಬಾಡಿಗೆ ವಾಹನದ ಬ್ಯಾಟರಿ ಹೊಸದಾಗಿರುವುದಿಲ್ಲ.

ಹಾಗಾಗಿ ಮೊದಲ ರಾತ್ರಿ ಹೇಗೋ ಕಳೆಯುತ್ತದೆ. ಪರೀಕ್ಷೆ ಎರಡನೆಯ ರಾತ್ರಿ. ಬೆಳಗಿನ ಜಾವ ಮೂರರ ಹೊತ್ತಿಗೆ ಫ್ಯಾನಿನ ಸದ್ದು ಸಣ್ಣಗಾಗುತ್ತದೆ. ಗಾಳಿಯ ರಭಸ ಸಾಕಷ್ಟಿದ್ದರೆ ಮಾತ್ರ ಒಳಗಿನ ಸ್ವಿಚ್ಚೊಂದು ಬರ್ನರ್ ಹೊತ್ತಿಸಲು ಬಿಡುತ್ತದೆ. ರಭಸ ತಗ್ಗಿದ ಮೇಲೆ ಗ್ಯಾಸು ತುಂಬಿದ್ದರೂ ಫರ್ನೇಸ್ ಉರಿಯದೆ, ನೆಲದ ಕಿಂಡಿಗಳಿಂದ ತಣ್ಣನೆಯ ಗಾಳಿ ಬರತೊಡಗುತ್ತದೆ. ಅಷ್ಟರಲ್ಲಿ ಗ್ಯಾಸ್ ಅಲಾರಂ ವೋಲ್ಟೇಜು ಸಾಲದೆ ಬೀಪ್ ಬೀಪ್ ಎನ್ನುತ್ತದೆ. ಅರೆನಿದ್ದೆಯಲ್ಲಿ ಎದ್ದವರು ಗ್ಯಾಸ್ ಸೋರುತ್ತಿದೆಯೆಂದು ಗಾಬರಿಯಾಗುವುದು ಆಗಲೇ. ನಿಜಕ್ಕೂ ಸೋರಿಕೆಯಾಗಿದ್ದರೆ ಎಲ್ಲರೂ ಹೊರಬರಬೇಕು. ಆದ್ದರಿಂದ ಯಾವ ಸದ್ದು ಯಾವುದಕ್ಕೆ ಎಂಬುದನ್ನು ಮೊದಲ ದಿನ ಹಗಲಿನಲ್ಲೇ ಕೈಪಿಡಿ ನೋಡಿ ತಿಳಿದಿಟ್ಟುಕೊಂಡಿರಬೇಕು.

ಬ್ಯಾಟರಿಗೆ ಮತ್ತೆ ಜೀವ ಬರಬೇಕಾದರೆ ಜನರೇಟರ್ ಬೇಕು. ಯೊಸೆಮಿಟಿಯ ಕ್ಯಾಂಪ್‌ಗಳಲ್ಲಿ ಅದನ್ನು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7ರವರೆಗೆ ಮಾತ್ರ ಓಡಿಸಬಹುದು. ಮಧ್ಯಾಹ್ನ ಎಲ್ಲರೂ ಜಲಪಾತದ ಕಡೆ ಹೋಗಿರುತ್ತಾರೆ. ಬೆಳಗಿನ ಎರಡು ಗಂಟೆಯನ್ನು ಹಾಸಿಗೆಯಲ್ಲೇ ಕಳೆದರೆ ಆ ದಿನ ದಕ್ಕುವುದು ಸಂಜೆಯದ್ದು ಮಾತ್ರ. ಬ್ಯಾಟರಿ ತುಂಬುತ್ತ ಹೋದಂತೆ ಕರೆಂಟು ತೆಗೆದುಕೊಳ್ಳುವ ವೇಗವೂ ಇಳಿಯುವುದರಿಂದ ಎರಡು ಗಂಟೆಯಲ್ಲಿ ಒಂದು ರಾತ್ರಿಯ ಖರ್ಚು ತುಂಬಿಬರುವುದಿಲ್ಲ. ಸರಿಯಾಗಿ ಏಳು ಗಂಟೆಗೆ ಎದ್ದು ಜನರೇಟರ್ ಹಚ್ಚಿ, ಅದು ಓಡುತ್ತಿರುವಾಗಲೇ ಮೈಕ್ರೋವೇವ್, ಮಿಕ್ಸಿಯ ಕೆಲಸ ಮುಗಿಸಿಕೊಳ್ಳುವ ಕುಟುಂಬಕ್ಕೆ ಈ ಪ್ರವಾಸ ಸುಖವಾಗಿರುತ್ತದೆ.

ಜನರೇಟರಿನ ವಿಷಯದಲ್ಲಿ ಗೊತ್ತಿರಬೇಕಾದ ಸಂಗತಿ ಇನ್ನೆರಡು. ಅದು ಚಾಲೂ ಆಗುವುದೂ ಫರ್ನೇಸಿನ ಫ್ಯಾನು ಓಡಿಸುವ ಬ್ಯಾಟರಿಯಿಂದಲೇ. ಆ ಬ್ಯಾಟರಿ ಪೂರ್ತಿ ಕೂತರೆ ಜನರೇಟರೂ ಏಳುವುದಿಲ್ಲ. ಹೀಗಾದಾಗ ಇಂಜಿನ್ ಸ್ಟಾರ್ಟ್ ಮಾಡಿ, ಚಾಲಕನ ಎದುರಿನ ಫಲಕದಲ್ಲಿರುವ ತುರ್ತು ಗುಂಡಿಯನ್ನು ಒತ್ತಿ ಹಿಡಿದರೆ ಇಂಜಿನ್ನಿನ ಬ್ಯಾಟರಿಯ ನೆರವು ಸಿಗುತ್ತದೆ. ಬಹುತೇಕ ಆರ್‌ವಿಗಳಲ್ಲಿ ಈ ಗುಂಡಿ ಇರುತ್ತದೆ. ಎಲ್ಲಿದೆ ಎಂದು ವಾಹನ ಪಡೆಯುವಾಗಲೇ ಕೇಳಬೇಕು. ಇನ್ನೊಂದು, ಜನರೇಟರ್ ಕುಡಿಯುವುದು ವಾಹನದ ಟ್ಯಾಂಕಿನ ಪೆಟ್ರೋಲನ್ನೇ. ಟ್ಯಾಂಕು ಕಾಲುಭಾಗಕ್ಕೆ ಇಳಿದ ಕೂಡಲೇ ಅದು ನಿಂತುಬಿಡುತ್ತದೆ. ಕ್ಯಾಂಪಿನಲ್ಲಿ ಪೆಟ್ರೋಲ್ ತೀರಿ ಯಾರೂ ಸಿಕ್ಕಿಬೀಳಬಾರದೆಂದು ಕೊಳವೆಯನ್ನು ಅಷ್ಟು ಮೇಲಕ್ಕೆ ಇಟ್ಟಿರುತ್ತಾರೆ. ಮಾರಿಪೋಸಾದಲ್ಲಿ ಟ್ಯಾಂಕು ತುಂಬಿಸುವುದು ಇದಕ್ಕೂ ಬೇಕು. ಹಿಮ ಬಿದ್ದ ಬೆಳಿಗ್ಗೆ ಜನರೇಟರಿನ ಹೊಗೆಕೊಳವೆಯ ಬಾಯಿ ಮುಚ್ಚಿಲ್ಲವೆಂದು ನೋಡಿಯೇ ಹಚ್ಚಬೇಕು. ಚಳಿಯೆಂದು ಗ್ಯಾಸ್ ಒಲೆ ಹೊತ್ತಿಸಿಕೊಂಡು ಮಲಗುವುದಂತೂ ಸಾವಿಗೆ ದಾರಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ನೀರು ಹೆಪ್ಪುಗಟ್ಟುವ ಭಯ ಅಷ್ಟು ದೊಡ್ಡದಲ್ಲ, ಆದರೆ ಕೆಟ್ಟರೆ ದುಬಾರಿ. ನೀರಿನ ಪೈಪುಗಳು ಸಿಂಕಿನ ಕೆಳಗಿನ ಕಪಾಟಿನಲ್ಲಿ, ಹೊರಗೋಡೆಗೆ ಅಂಟಿಕೊಂಡಂತೆ ಹಾದುಹೋಗಿರುತ್ತವೆ. ರಾತ್ರಿ ಆ ಕಪಾಟಿನ ಬಾಗಿಲು ತೆರೆದಿಟ್ಟರೆ ಒಳಗಿನ ಬಿಸಿ ಅಲ್ಲಿಗೂ ತಲುಪುತ್ತದೆ. ಕೊಳೆನೀರಿನ ಟ್ಯಾಂಕಿನ ವಾಲ್ವು ಮಾತ್ರ ತಳದಲ್ಲಿ ಗಾಳಿಗೆ ಒಡ್ಡಿಕೊಂಡಿರುತ್ತದೆ. ಮುಂಜಾನೆ ಅದರ ಹಿಡಿ ಜಗ್ಗಿ ಮುರಿಯುವ ಬದಲು ಬಿಸಿಲು ಬೀಳುವವರೆಗೆ ಬಿಡುವುದು ಲೇಸು. ಕೆಲವು ಬಾಡಿಗೆಯವರು ಚಳಿಗಾಲದಲ್ಲಿ ಪೈಪುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಿ, ನೀರಿನ ವ್ಯವಸ್ಥೆಯನ್ನೇ ಬಂದ್ ಮಾಡಿ ಕೊಡುತ್ತಾರೆ. ಆಗ ಆರ್‌ವಿ ಎಂದರೆ ಹಾಸಿಗೆಯಿರುವ ಲಾರಿ ಅಷ್ಟೇ. ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಒಯ್ಯಬೇಕಾಗುತ್ತದೆ.

ಅಡುಗೆಯಲ್ಲಿ ಕನ್ನಡಿಗರಿಗೆ ಎದುರಾಗುವ ತೊಡಕು ಒಗ್ಗರಣೆಯದು. ಸಾಸಿವೆ ಸಿಡಿದು, ಒಣಮೆಣಸಿನಕಾಯಿಯ ಘಾಟು ಏಳುವ ಮೊದಲೇ ಒಲೆಯಿಂದ ನಾಲ್ಕಡಿ ದೂರದ ಹೊಗೆ ಅಲಾರಂ ಕಿರುಚುತ್ತದೆ. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಹಾಕಿದರೂ ಹೊಗೆ ಒಳಗೇ ಸುತ್ತುತ್ತಿದ್ದರೆ ಹೊರಗೆ ಹೋಗಿ ನೋಡಬೇಕು. ಆ ಫ್ಯಾನಿನ ಹೊರಬಾಯಿಗೆ ಒಂದು ಮುಚ್ಚಳವಿರುತ್ತದೆ. ಓಡುವಾಗ ಬಡಿದುಕೊಳ್ಳದಂತೆ ಅದನ್ನು ಸಣ್ಣ ಚಿಲಕಗಳಿಂದ ಬಿಗಿದಿರುತ್ತಾರೆ. ಚಿಲಕ ತಿರುಗಿಸಿದರೆ ಸಾಕು, ಗಾಳಿ ಹೊರಗೆ ಹೋಗುತ್ತದೆ. ಅನ್ನ, ಸಾರು ಕುದಿಸಿದ ಆವಿ ತಣ್ಣನೆಯ ಗಾಜಿಗೆ ತಗುಲಿ ರಾತ್ರಿಯೆಲ್ಲ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಚಾವಣಿಯ ಕಿಂಡಿಯನ್ನು ಒಂದಿಂಚು ತೆರೆದಿಟ್ಟರೆ ಬಿಸಿ ಸ್ವಲ್ಪ ಹೋದರೂ ಹೊದಿಕೆ ಒಣಗಿರುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದಿಟ್ಟ ರವೆಯನ್ನು ಮನೆಯಲ್ಲೇ ಮಾಡಿ ತಂದವರಿಗೆ ಕೆಲಸ ಹಗುರ. ಫ್ರಿಜ್ಜು ಗ್ಯಾಸಿನಿಂದ ನಡೆಯುವುದರಿಂದ ವಾಹನ ಸಮತಟ್ಟಾಗಿ ನಿಂತಿರಬೇಕು. ಚಕ್ರದ ಕೆಳಗಿಡಲು ಹಲಗೆ ಬೇಕಾಗುವುದು ಇದಕ್ಕೇ.

ಆಹಾರ ಎಂದರೆ ಕರಡಿಯ ಮಾತೂ ಬರಲೇಬೇಕು. ಯೊಸೆಮಿಟಿಯ ಕಪ್ಪು ಕರಡಿಗಳು ಚಳಿನಿದ್ದೆ ಮುಗಿಸಿ ಹೊರಬೀಳುವುದು ಮಾರ್ಚ್, ಏಪ್ರಿಲ್‌ನಲ್ಲಿ. 1998ರಲ್ಲಿ ಅವು ಆಹಾರಕ್ಕಾಗಿ ನುಗ್ಗಿ ಹಾನಿ ಮಾಡಿದ ಘಟನೆಗಳು 1,500 ದಾಟಿದ್ದವು. ಕಾರಿನ ಬಾಗಿಲನ್ನು ಮೇಲಿನಿಂದ ಬಗ್ಗಿಸಿ ಕಿತ್ತಿದ್ದೇ ಹೆಚ್ಚು. ಆಮೇಲೆ ಕಬ್ಬಿಣದ ಪೆಟ್ಟಿಗೆ, ಕಟ್ಟುನಿಟ್ಟಿನ ನಿಯಮಗಳಿಂದ ಆ ಸಂಖ್ಯೆ ಬಹಳ ಇಳಿದಿದೆ. ಗಟ್ಟಿ ಗೋಡೆಯ ಆರ್‌ವಿಯೊಳಗೆ ಆಹಾರ ಇಡಬಹುದು, ಆದರೆ ಬಿಟ್ಟು ಹೋಗುವಾಗ ಕಿಟಕಿ, ಕಿಂಡಿಗಳೆಲ್ಲ ಮುಚ್ಚಿರಬೇಕು. ಜೊತೆಗೆ ಕಾರು ತಂದಿದ್ದರೆ ಅದರಲ್ಲಿ ರಾತ್ರಿ ಟೂತ್‌ಪೇಸ್ಟ್ ಕೂಡ ಬಿಡುವಂತಿಲ್ಲ.

ಕೊಳೆನೀರು ಖಾಲಿ ಮಾಡುವ ಜಾಗ ಅಪ್ಪರ್ ಪೈನ್ಸ್ ಬಳಿಯೇ ಇದೆ. ಶೌಚದ ಟ್ಯಾಂಕನ್ನು ಮೊದಲು, ಸ್ನಾನದ ನೀರಿನದನ್ನು ಆಮೇಲೆ ಬಿಟ್ಟರೆ ಎರಡನೆಯದರ ಸಾಬೂನುನೀರು ಪೈಪನ್ನು ತೊಳೆಯುತ್ತದೆ. ರಬ್ಬರ್ ಕೈಗವಸು ಮರೆಯಬಾರದು. ಇದಕ್ಕಿಂತ ಹೆಚ್ಚು ವಿವರ ಯಾರಿಗೂ ಬೇಡ.

ಒಮ್ಮೆ ನಿಲ್ಲಿಸಿದ ಆರ್‌ವಿಯನ್ನು ಕಣಿವೆಯೊಳಗೆ ಮತ್ತೆ ಕದಲಿಸಬಾರದು. ಪಾತ್ರೆ ಕಟ್ಟಿ, ಕಪಾಟು ಬಿಗಿದು, ಹಲಗೆ ತೆಗೆದು, ದೊಡ್ಡ ವಾಹನಕ್ಕೆ ಜಾಗ ಹುಡುಕುವುದರಲ್ಲಿ ಅರ್ಧ ದಿನ ಹೋಗುತ್ತದೆ. ಉಚಿತ ಶಟಲ್ ಬಸ್ಸು ವರ್ಷವಿಡೀ ಓಡುತ್ತದೆ. ಕಣಿವೆ ಸಮತಟ್ಟಾದ್ದರಿಂದ ನಡೆದರೂ ಆಯಿತು. ಗ್ಲೇಸಿಯರ್ ಪಾಯಿಂಟ್ ರಸ್ತೆ ಆಗ ಮುಚ್ಚಿರುತ್ತದೆ. ಹಾಫ್ ಡೋಮ್ ಬಂಡೆಯನ್ನು ಏರಲು ಬೇಕಾದ ಕಂಬಿಗಳನ್ನು ಎತ್ತಿ ಕಟ್ಟುವುದು ಮೇ ಕೊನೆಗೆ. ವರ್ನಲ್ ಜಲಪಾತದ ಪಕ್ಕದ ಮೆಟ್ಟಿಲುದಾರಿಗೆ ಹಿಮಗಲ್ಲಿನ ಕಾರಣ ತಡೆಯಿರುವುದೂ ಉಂಟು.

ಇಷ್ಟೆಲ್ಲ ಮುಚ್ಚಿದ್ದರೂ ಈ ಕಾಲಕ್ಕೆ ಮಾತ್ರ ಸಿಗುವಂಥದ್ದು ಬೇರೆಯೇ ಇದೆ. 2,425 ಅಡಿ ಎತ್ತರದ ಯೊಸೆಮಿಟಿ ಜಲಪಾತ ಆಗಸ್ಟ್ ಹೊತ್ತಿಗೆ ಒಣಗಿ ಬರೀ ಬಂಡೆಯ ಗುರುತಾಗಿ ಉಳಿಯುವುದುಂಟು. ಮಾರ್ಚ್, ಏಪ್ರಿಲ್‌ನಲ್ಲಿ ಕ್ಯಾಂಪಿನವರೆಗೂ ಅದರ ಸದ್ದು. ಚಳಿರಾತ್ರಿ ಕಳೆದ ಬೆಳಿಗ್ಗೆ ಕೆಳಗಿನ ಜಲಪಾತದ ಸೇತುವೆಯ ಬಳಿ ನಿಂತರೆ ಫ್ರೇಜಿಲ್ ಐಸ್ ಕಾಣಬಹುದು. ಧುಮುಕುವ ನೀರಿನ ತುಂತುರು ಗಾಳಿಯಲ್ಲೇ ಸಣ್ಣ ಹರಳಾಗಿ, ಹೊಳೆಯಲ್ಲಿ ಬಿದ್ದು ದಪ್ಪ ಬಿಳಿ ಗಂಜಿಯಂತೆ ಸರಿಯುತ್ತದೆ. ಕೆಲವೊಮ್ಮೆ ಹೊಳೆಯ ಪಾತ್ರ ಕಟ್ಟಿಕೊಂಡು ಆ ಗಂಜಿ ದಡ ಮೀರಿ ಹಾದಿಗೂ ಹರಿಯುತ್ತದೆ. ಬಿಸಿಲೇರಿದ ಮೇಲೆ ನೋಡಹೋದರೆ ಬರೀ ನೀರು. 140ರ ದಾರಿಯಲ್ಲಿ ಎಲ್ ಪೋರ್ಟಲ್‌ಗಿಂತ ಕೆಳಗೆ, ನದಿಯ ಆಸುಪಾಸಿನ ಇಳಿಜಾರುಗಳಲ್ಲಿ ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪಿ ಹಾಸಿಕೊಂಡಿರುತ್ತದೆ; ಎಲೆ ಮೂಡದ ರೆಡ್‌ಬಡ್ ಗಿಡಗಳು ಮೈತುಂಬ ಕಡುಗುಲಾಬಿ ಹೂ ಬಿಟ್ಟಿರುತ್ತವೆ. ಬೇಸಿಗೆಯಲ್ಲಿ ಬಂದವರು ಇದೇ ದಾರಿಯಲ್ಲಿ ನೋಡುವುದು ಒಣಗಿದ ಹುಲ್ಲನ್ನು.

ಖರ್ಚಿನ ದೃಷ್ಟಿಯಿಂದ ಆರ್‌ವಿ ಅಗ್ಗವಲ್ಲ. ದಿನದ ಬಾಡಿಗೆಯ ಮೇಲೆ ಮೈಲಿಗಿಷ್ಟು, ಜನರೇಟರ್ ಗಂಟೆಗಿಷ್ಟು, ವಿಮೆ, ಶುಚಿಗೊಳಿಸುವ ಶುಲ್ಕ ಎಲ್ಲ ಸೇರುತ್ತವೆ. ಪೆಟ್ರೋಲ್ ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ ದೊಡ್ಡದು. ಮಗುವಿಗೆ ಹಸಿವಾದಾಗ ರಸ್ತೆ ಬದಿಯಲ್ಲೇ ಬಿಸಿ ಅನ್ನ, ವಯಸ್ಸಾದವರಿಗೆ ಕೈಗೆಟುಕುವ ದೂರದಲ್ಲಿ ಶೌಚಾಲಯ, ಇವುಗಳಿಗೆ ಬೆಲೆ ಕಟ್ಟುವವರಿಗೆ ಮಾತ್ರ ಇದು ಒಪ್ಪುತ್ತದೆ.

ಚೈನು ಹಾಕಲು ಅನುಮತಿಯಿಲ್ಲದ ಬಾಡಿಗೆ ಆರ್‌ವಿಯಲ್ಲಿ ಮೊದಲ ಸಲ ಹೊರಡುವವರು ಏಪ್ರಿಲ್ ಮೂರನೆಯ ವಾರದವರೆಗೆ ಕಾಯುವುದು ಉತ್ತಮ. ಮಾರ್ಚಿನಲ್ಲೇ ಹೋಗಬೇಕಾದರೆ ಕಣಿವೆಯೊಳಗೆ ತಂಗುವ ಆಸೆ ಬಿಟ್ಟು, ಕೆಳಗೆ ಮಾರಿಪೋಸಾದ ಕಡೆ ಕರೆಂಟು, ನೀರಿನ ಸಂಪರ್ಕವಿರುವ ಖಾಸಗಿ ಕ್ಯಾಂಪಿನಲ್ಲಿ ವಾಹನ ನಿಲ್ಲಿಸಬೇಕು. ರಾತ್ರಿ ಫರ್ನೇಸಿನ ಲೆಕ್ಕ ಹಾಕುವುದು ತಪ್ಪುತ್ತದೆ, ರಸ್ತೆಯಲ್ಲಿ ಚೈನಿನ ಫಲಕ ಕಂಡರೂ ಎದೆ ಹೊಡೆದುಕೊಳ್ಳುವುದಿಲ್ಲ. ಆರ್‌ವಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದರಾಯಿತು: ಮರ್ಸೆಡ್‌ನಿಂದ ಮಾರಿಪೋಸಾ ಮೂಲಕ ಕಣಿವೆಗೆ ಹೋಗುವ ಯಾರ್ಟ್ಸ್ ಬಸ್ಸು 140ನೇ ಹೆದ್ದಾರಿಯಲ್ಲಿ ವರ್ಷವಿಡೀ ಓಡುತ್ತದೆ.